ಅಟ್ಟದಿಂದ ಇಳಿದ ಮಷಿನ್, ಗಾಂಧಿ ಬಜಾರಿನ ರಿಪೇರಿ ಅಂಗಡಿ, ನನ್ನ ಎರಡು ಎಡತೋಳು

ಅಮ್ಮನ ಹಳೇ ಹೊಲಿಗೆ ಮಷಿನ್ ರಿಪೇರಿಗೆ ಒಟ್ಟು ಖರ್ಚು 1,750 ರೂಪಾಯಿ. ಲೆಕ್ಕ ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ವಿಷಯ ಗೊತ್ತಾದವರೆಲ್ಲ ಮೊದಲು ಕೇಳಿದ್ದು ಅದನ್ನೇ. ಸರ್ವೀಸಿಗೆ 700, ಹೊಸ ಶಟಲ್‌ಗೆ (ಮೇಲಿನ ದಾರವನ್ನು ಹಿಡಿದು ಸುತ್ತಿಸುವ ಕೊಕ್ಕೆ) 280, ಬಾಬಿನ್ ಕೇಸ್ (ಕೆಳಗಿನ ದಾರದ ಉರುಳೆ ಕೂರುವ ಡಬ್ಬಿ) 160, ಚರ್ಮದ ಬೆಲ್ಟು 130, ಬಾಬಿನ್ನು ಸೂಜಿ ಎಣ್ಣೆ ರಬ್ಬರ್ ರಿಂಗು ಅಂತ ಚಿಲ್ಲರೆ ಸಾಮಾನಿಗೆ 240, ಆಟೋದಲ್ಲಿ ಹೋಗಿಬರಲು 240. ಇಷ್ಟಕ್ಕೆ, ಊರಿನ ಅಟ್ಟದಲ್ಲಿ ವರ್ಷಗಟ್ಟಲೆ ಇಲಿಗಳ ಜೊತೆ ಸಂಸಾರ ಮಾಡಿಕೊಂಡಿದ್ದ ಅಮ್ಮನ ಕಪ್ಪು ಮಷಿನ್ ಈಗ ನಮ್ಮ ಮನೆ ಕಿಟಕಿ ಪಕ್ಕ ಕೂತು ಟಕಟಕ ಅನ್ನುತ್ತಿದೆ.

ರಿಪೇರಿ ಮಾಡಿದ್ದು ಶಿವಮೊಗ್ಗದ ಗಾಂಧಿ ಬಜಾರಿನ ಒಂದು ಸಂದಿಯಲ್ಲಿರುವ ಪುಟ್ಟ ಅಂಗಡಿ. ಹೆಸರು ಹಾಕುವುದಿಲ್ಲ. ಬರೆಯಲಾ ಅಂತ ಕೇಳಿದ್ದಕ್ಕೆ ಯಜಮಾನರೇ ಬೇಡ ಅಂದರು, "ಈಗ ಬಂದಿರೋದೇ ಮುಗಿಸಕ್ಕಾಗ್ತಿಲ್ಲ ನಂಗೆ" ಅಂತ. ಅದು ನಿಜವೂ ಹೌದು, ಆ ಕಥೆ ಆಮೇಲೆ ಹೇಳುತ್ತೇನೆ. ಬೇಕಾದವರು ಬಜಾರಿಗೆ ಹೋಗಿ ದಾರ, ಗುಂಡಿ ಮಾರುವ ಯಾವ ಅಂಗಡಿಯಲ್ಲಿ ವಿಚಾರಿಸಿದರೂ ಕೈ ತೋರಿಸುತ್ತಾರೆ.

ನನ್ನ ಬಗ್ಗೆ ಸ್ವಲ್ಪ. 1997ರಲ್ಲಿ ಪಿಯುಸಿ ಮುಗಿಸಿ ಸುಮ್ನೆ ಮನೆಯಲ್ಲಿ ಕೂತಿದ್ದಾಗ ತೀರ್ಥಹಳ್ಳಿಯಲ್ಲಿ ಆರು ತಿಂಗಳು ಹೊಲಿಗೆ ಕ್ಲಾಸಿಗೆ ಹೋಗಿದ್ದೆ. ಒಳಲಂಗ, ಫ್ರಾಕು, ಸಾದಾ ಬ್ಲೌಸು, ಇಷ್ಟು ಬರುತ್ತಿತ್ತು. ಆಮೇಲೆ ಕೆಲಸ, ಮದುವೆ, ಮಕ್ಕಳು, ಶಿವಮೊಗ್ಗ. 28 ವರ್ಷ ಕತ್ತರಿ ಹಿಡಿದಿದ್ದು ಹಾಲಿನ ಪ್ಯಾಕೆಟ್ಟು ಕತ್ತರಿಸಲು ಮಾತ್ರ. ಹಾಗಾಗಿ ಕಲಿತವಳು ಅಂತ ಹೇಳಿಕೊಳ್ಳುವ ಹಾಗಿಲ್ಲ, ಹೊಸಬಳು ಅಂದರೆ ಅದೂ ಪೂರ್ತಿ ಸರಿಯಲ್ಲ. ಮತ್ತೆ ಶುರು ಮಾಡಲು ಕಾರಣ ದೊಡ್ಡದೇನಲ್ಲ. ಹೋದ ದೀಪಾವಳಿಗೆ ಲೈನಿಂಗ್ ಬ್ಲೌಸಿಗೆ 450 ರೂಪಾಯಿ ಕೊಟ್ಟು, ನಾಲ್ಕು ಸಲ ಓಡಾಡಿ, ಹಬ್ಬದ ಹಿಂದಿನ ದಿನ ರಾತ್ರಿ ಎಂಟೂವರೆಗೆ ಕೈಗೆ ಬಂದದ್ದನ್ನು ಹಾಕಿಕೊಂಡರೆ ಕೈ ಮೇಲೆತ್ತಲು ಬರುತ್ತಿರಲಿಲ್ಲ. ದೇವರಿಗೆ ಮಂಗಳಾರತಿಯನ್ನು ಹೊಟ್ಟೆಯ ಮಟ್ಟದಲ್ಲೇ ಎತ್ತಿದೆ. ಸಿಟ್ಟು ಬಂತು. ಇದನ್ನೇ ನಾನೇ ಕೆಡಿಸಿಕೊಳ್ಳಬಹುದಿತ್ತಲ್ಲ, 450 ಉಳಿಯುತ್ತಿತ್ತು ಅಂತ.

ಮೊದಲು ಮಾಡಿದ್ದು ದಡ್ಡತನ. ಆನ್‌ಲೈನಿನಲ್ಲಿ ಸ್ಟೇಪ್ಲರ್ ಹಾಗೆ ಕಾಣುವ ಕೈ ಮಷಿನ್ 399 ರೂಪಾಯಿಗೆ ತರಿಸಿದೆ. ವಿಡಿಯೋದಲ್ಲಿ ಆ ಹುಡುಗಿ ಚಟ್ ಚಟ್ ಅಂತ ಒತ್ತಿ ಒತ್ತಿ ಪರದೆಯನ್ನೇ ಹೊಲಿದುಬಿಟ್ಟಿದ್ದಳು. ಅದರ ಗುಟ್ಟು ಏನೆಂದರೆ, ಅದಕ್ಕೆ ಇರುವುದು ಒಂದೇ ದಾರ. ಮೇಲಿನ ದಾರವೇ ಕೆಳಗೆ ಕುಣಿಕೆ ಹಾಕುತ್ತಾ ಸರಪಳಿಯ ಹಾಗೆ ಹೋಗುತ್ತದೆ. ಅಕ್ಕಿ ಚೀಲದ ಬಾಯಿ ನೋಡಿದ್ದೀರಲ್ಲ, ಸರಿಯಾದ ತುದಿ ಸಿಕ್ಕರೆ ಸರ್ರನೆ ಪೂರಾ ಬಿಚ್ಚಿಕೊಳ್ಳುತ್ತೆ. ಇದೂ ಅದೇ ಜಾತಿ. ದಿಂಬಿನ ಕವರಿಗೆ ಹೊಲಿದೆ, ಮಗ ತಲೆಯಿಟ್ಟು ಮಲಗಿದ, ಬೆಳಿಗ್ಗೆ ದಿಂಬು ಒಂದು ಕಡೆ, ಕವರು ಇನ್ನೊಂದು ಕಡೆ. ದೊಡ್ಡ ಮಷಿನ್ನಿನಲ್ಲಿ ಹಾಗಲ್ಲ. ಮೇಲಿನ ದಾರ, ಕೆಳಗಿನ ಬಾಬಿನ್ ದಾರ ಎರಡೂ ಬಟ್ಟೆಯ ನಡುವೆ ಒಂದನ್ನೊಂದು ಹಿಡಿದುಕೊಳ್ಳುತ್ತವೆ, ಒಂದು ಕಡೆ ಕಿತ್ತರೂ ಉಳಿದದ್ದು ನಿಲ್ಲುತ್ತೆ. ಯಾರಾದರೂ ಆ ಸ್ಟೇಪ್ಲರ್ ಮಷಿನ್ ತಗೊಳ್ಳುವ ಯೋಚನೆಯಲ್ಲಿದ್ದರೆ ಆ ದುಡ್ಡಿಗೆ ಒಂದು ಒಳ್ಳೆಯ ಕತ್ತರಿ ತಗೊಳ್ಳಿ.

ಆಮೇಲೆ ಹೊಸ ಮಷಿನ್ ನೋಡಲು ಒಂದು ಶೋರೂಮಿಗೂ ಹೋದೆ. ಅಲ್ಲಿಯ ಹುಡುಗ ಬಹಳ ಮರ್ಯಾದೆಯಿಂದ ಹದಿನಾಲ್ಕು ಸಾವಿರದ ಕರೆಂಟ್ ಮಷಿನ್ ತೋರಿಸಿದ. ಬಗೆಬಗೆ ಹೊಲಿಗೆ, ಬಾತುಕೋಳಿ ಡಿಸೈನೂ ಇತ್ತು. ನನಗೆ ಬೇಕಾದ್ದು ನೇರ ಹೊಲಿಗೆ ಒಂದೇ ಅಂದೆ. "ಮುಂದೆ ಬೇಕಾಗುತ್ತೆ ಮೇಡಂ" ಅಂದ. 47 ವರ್ಷಕ್ಕೆ ಬಾತುಕೋಳಿ ಬೇಕಾಗಿಲ್ಲ, ಮುಂದೆ ಬೇಕಾಗುತ್ತೆ ಅಂತಲೂ ಅನಿಸಲಿಲ್ಲ. ಕಾಲಲ್ಲಿ ತುಳಿಯುವ ಸಾದಾ ಮಷಿನ್ನಿಗೂ ಸ್ಟ್ಯಾಂಡ್ ಸೇರಿ ಎಂಟು ಸಾವಿರದ ಮೇಲೆ ಹೇಳಿದರು. ಆಗ ಅಮ್ಮನ ಮಷಿನ್ ನೆನಪಾಯಿತು.

ಅಮ್ಮನದು ಉಷಾ. ಕಲ್ಕತ್ತಾದ ಜಯ್ ಇಂಜಿನಿಯರಿಂಗ್ ವರ್ಕ್ಸ್‌ನವರ ಕಾಲದ್ದು. ನಾನು ಪ್ರೈಮರಿ ಶಾಲೆಗೆ ಹೋಗುವಾಗ ಅಡಿಕೆ ದುಡ್ಡಿನಲ್ಲಿ ತಂದಿದ್ದು, ಜಗಲಿಯಲ್ಲಿಟ್ಟು ಕುಂಕುಮ ಹಚ್ಚಿದ್ದು ನೆನಪಿದೆ. ಅಮ್ಮನಿಗೆ ಮಂಡಿ ನೋವು ಶುರುವಾದ ಮೇಲೆ ಅದು ಅಟ್ಟಕ್ಕೆ ಏರಿತು. ಫೋನಿನಲ್ಲಿ ಕೇಳಿದರೆ ಅಮ್ಮ, "ಅದೆಂತಕ್ಕೆ ಮಾರಾಯ್ತಿ ಈಗ? ತುಕ್ಕು ತಿಂದಿರ್ತದೆ, ಗುಜರಿಗೆ ಕೊಡಾಣ ಅಂತಿದ್ದೆ" ಅಂದರು. ಗುಜರಿಯವನು ಬರುವ ಮೊದಲು ನನ್ನ ಫೋನು ಹೋಯಿತು, ಅಷ್ಟೇ. ಅಡಿಕೆ ಮಂಡಿಗೆ ಬರುವ ಪಿಕಪ್ಪಿನಲ್ಲಿ ಮೂಟೆಗಳ ಮಧ್ಯೆ ಕೂತು ಮಂಡಗದ್ದೆ, ಸಕ್ರೆಬೈಲು, ಗಾಜನೂರು ದಾಟಿ ನಮ್ಮನೆ ಬಾಗಿಲಿಗೆ ಬಂತು. ಸ್ಟ್ಯಾಂಡಿಗೆ ತುಕ್ಕು. ಮರದ ಹಲಗೆ ಉಬ್ಬಿ ಹೋಗಿತ್ತು. ಮಲೆನಾಡಿನ ಮಳೆಗಾಲ ಕಬ್ಬಿಣವನ್ನೂ ಬಿಡಲ್ಲ, ಮರವನ್ನೂ ಬಿಡಲ್ಲ. ಆದರೆ ಕಪ್ಪು ಮೈ ಮೇಲಿನ ಬಂಗಾರದ ಬಳ್ಳಿ ಚಿತ್ತಾರ ಒರೆಸಿದರೆ ಇನ್ನೂ ಮಿಂಚುತ್ತಿತ್ತು. ಚಕ್ರ ಮಾತ್ರ ಅಲ್ಲಾಡಲಿಲ್ಲ. ನನ್ನ ಗಂಡ ಎರಡೂ ಕೈಯಲ್ಲಿ ಹಿಡಿದು ತಿರುಗಿಸಲು ನೋಡಿ, ಸೋತು, "ಇದು ಶೋಕೇಸಿಗೆ ಚೆನ್ನಾಗಿದೆ" ಅಂದರು.

ಇನ್ನು ಅಂಗಡಿ. ಅಗಲ ಆರಡಿ ಇರಬಹುದು. ಒಳಗೆ ಕಾಲಿಟ್ಟರೆ ಮಷಿನ್ ಎಣ್ಣೆ, ಡೀಸೆಲ್ಲು, ಸಂಜೆಯಾದರೆ ಪಕ್ಕದ ಅಂಗಡಿಯ ಮಲ್ಲಿಗೆ ಹೂವು, ಮೂರೂ ಸೇರಿದ ವಾಸನೆ. ಗೋಡೆಯ ಮೂರು ಕಡೆಯೂ ಶೆಲ್ಫುಗಳಲ್ಲಿ ಸ್ಟ್ಯಾಂಡ್ ಇಲ್ಲದ ಬರೀ ಮಷಿನ್ ತಲೆಗಳು, ಪ್ರತಿಯೊಂದರ ಕತ್ತಿಗೂ ಚೀಟಿ. ಒಂದು ಹಳೇ ಸಿಂಗರ್ ಕೂಡ ಇತ್ತು, ಯಾರೋ ಕೊಟ್ಟು ವಾಪಸ್ ತಗೊಂಡು ಹೋಗಿಲ್ಲವಂತೆ. ಯಂತ್ರಗಳ ಬಗ್ಗೆ ಅಷ್ಟೆಲ್ಲ ತಕರಾರು ತೆಗೆದ ಗಾಂಧೀಜಿ 1924ರಲ್ಲಿ ಸಿಂಗರ್ ಹೊಲಿಗೆ ಯಂತ್ರಕ್ಕೆ ಮಾತ್ರ ವಿನಾಯಿತಿ ಕೊಟ್ಟಿದ್ದರು, ಅದು ಗಾಂಧಿ ಬಜಾರಿನಲ್ಲೇ ಅನಾಥವಾಗಿ ಕೂತಿದೆ.

ಯಜಮಾನರಿಗೆ ಎಪ್ಪತ್ತರ ಹತ್ತಿರ. ನಮ್ಮ ಮಷಿನ್ನಿನ ತಲೆಯನ್ನು ಬೆಂಚಿನ ಮೇಲಿಟ್ಟು ಮಗ್ಗುಲಿಗೆ ಮಲಗಿಸಿದರು. ಮಾತಿಲ್ಲ. ಕೆಳಗಿನ ಸಂದಿಗಳನ್ನೆಲ್ಲ ಟಾರ್ಚು ಬಿಟ್ಟು ನೋಡಿದರು, ಬೆರಳಲ್ಲಿ ಒಂದಿಷ್ಟು ಕಂದು ಅಂಟು ಕೆರೆದು ಮೂಸಿದರು.

"ಕೊಬ್ಬರಿ ಎಣ್ಣೆ ಬಿಟ್ಟಿದ್ದಾರೆ."

ಅಮ್ಮ ಬಿಟ್ಟಿರುತ್ತಾರೆ, ಅನುಮಾನವೇ ಇಲ್ಲ. ಬಾಗಿಲ ತಿರುಗಣಿಯಿಂದ ಹಿಡಿದು ನಮ್ಮ ತಲೆಯವರೆಗೆ ನಮ್ಮ ಮನೆಯಲ್ಲಿ ಎಲ್ಲದಕ್ಕೂ ಅದೇ. ಮಷಿನ್ನಿಗೆ ಬೇಕಾದ್ದು ನೀರಿನ ಹಾಗಿರುವ ತೆಳ್ಳಗಿನ ಮಷಿನ್ ಎಣ್ಣೆ. ಅಡುಗೆ ಎಣ್ಣೆ, ಕೊಬ್ಬರಿ ಎಣ್ಣೆ ಬಿಟ್ಟರೆ ಆ ಹೊತ್ತಿಗೆ ಸಲೀಸಾಗಿ ತಿರುಗುತ್ತೆ, ವರ್ಷ ಕಳೆದ ಮೇಲೆ ಧೂಳು ಸೇರಿ ಹಲಸಿನ ಮೇಣದ ಹಾಗೆ ಹಿಡಿದುಕೊಳ್ಳುತ್ತೆ. ಚಕ್ರ ಅಲ್ಲಾಡದೆ ಇದ್ದದ್ದು ತುಕ್ಕಿನಿಂದಲ್ಲ, ಇದರಿಂದ. ಮೊದಲೆಲ್ಲ ಸೀಮೆಎಣ್ಣೆಯಲ್ಲಿ ತೊಳೆಯುತ್ತಿದ್ದರಂತೆ, ಈಗ ಅದು ಸಿಗಲ್ಲ, ಡೀಸೆಲ್ಲೇ ಗತಿ.

ಆಮೇಲೆ ಶಟಲ್ ಬಿಚ್ಚಿ ಚಿಮುಟದಲ್ಲಿ ಏನೋ ಎಳೆದರು. ಎರಡು ಮೂರು ಕಂದು ನಾರು, ತಲೆಕೂದಲಿಗಿಂತ ದಪ್ಪ. ಬೆಳಕಿಗೆ ಹಿಡಿದರು.

"ಗೋಣಿ ಹೊಲಿದಿದ್ದೀರಾ ಅಮ್ಮಾ ಇದ್ರಲ್ಲಿ?"

"ಅಯ್ಯೋ ಇಲ್ಲಪ್ಪ."

"ನೀವಲ್ಲದೆ ಇನ್ಯಾರೋ ಹೊಲಿದಿದ್ದಾರೆ. ಇದು ಸೆಣಬು."

ಅಲ್ಲಿಂದಲೇ ಊರಿಗೆ ಫೋನು ಮಾಡಿದೆ, ಸ್ಪೀಕರ್ ಹಾಕಿ. ಅಣ್ಣ ಎತ್ತಿದ. "ನಾನೆಂತಕ್ಕೆ ಹೊಲೀಲಿ? ಚೀಲ ಹೊಲಿಯಕ್ಕೆ ದಬ್ಬಣ ಇಲ್ವಾ ನಮ್ಮನೇಲಿ?" ಅಂತ ನನಗೇ ಜೋರು ಮಾಡಿದ. ಹಿಂದಿನಿಂದ ಅತ್ತಿಗೆಯ ದನಿ ಕೇಳಿಸಿತು, "ಆ ವರ್ಷ ಆಳು ಬರದೆ ಇದ್ದಾಗ ನಾಕು ಚೀಲ ಹೊಲಿದ್ರಲ್ಲ ನೀವು, ಸೂಜಿ ಮುರೀತು ಅಂತ ಬೈಕೊಂಡು." ಅಣ್ಣ ಫೋನು ಇಟ್ಟ. ಯಜಮಾನರು ಮುಖ ತಗ್ಗಿಸಿ ಸ್ಕ್ರೂ ಬಿಚ್ಚುತ್ತಿದ್ದರು, ಭುಜ ಅಲುಗಾಡುತ್ತಿತ್ತು.

ಗೋಣಿ ಹೊಲಿದರೆ ಏನಾಗುತ್ತೆ ಅಂತ ಅವರು ಕೈಯಲ್ಲಿ ಚಕ್ರ ತಿರುಗಿಸಿ ತೋರಿಸಿದರು, 28 ವರ್ಷದ ಹಿಂದೆ ಕ್ಲಾಸಿನಲ್ಲಿ ಇದನ್ನು ಯಾರೂ ತೋರಿಸಿರಲಿಲ್ಲ. ಸೂಜಿ ಬಟ್ಟೆಯೊಳಗೆ ಪೂರ್ತಿ ಇಳಿಯುತ್ತೆ, ಮತ್ತೆ ಒಂದೆರಡು ನೂಲಿನಷ್ಟು ಮೇಲೇಳುತ್ತೆ. ಹಾಗೆ ಏಳುವಾಗ ಸೂಜಿಯ ಹಿಂದೆ ದಾರ ಸಡಿಲವಾಗಿ ಸಣ್ಣ ಕುಣಿಕೆ ಬೀಳುತ್ತೆ. ಸರಿಯಾಗಿ ಅದೇ ಗಳಿಗೆಗೆ ಶಟಲ್‌ನ ಚೂಪು ಮೂತಿ ಬಂದು ಆ ಕುಣಿಕೆಯೊಳಗೆ ತೂರಬೇಕು, ದಾರವನ್ನು ಬಾಬಿನ್ ಕೇಸಿನ ಸುತ್ತ ಒಂದು ಸುತ್ತು ಹಾಕಿಸಿ ಬಿಡಬೇಕು. ಒಂದು ಹೊಲಿಗೆ ಬಿದ್ದಿತು ಅಂತ ಲೆಕ್ಕ. ದಪ್ಪ ಗೋಣಿಗೆ ಸೂಜಿ ಗುದ್ದಿದಾಗ ಸೂಜಿ ಹಿಡಿದಿರುವ ಸರಳು ಒಂದು ಕೂದಲೆಳೆಯಷ್ಟು ಮೇಲೆ ಜಾರಿದೆ. ಈಗ ಮೂತಿ ಬರುವ ಹೊತ್ತಿಗೆ ಕುಣಿಕೆ ಆ ಜಾಗದಲ್ಲಿಲ್ಲ. ಟೈಮಿಂಗ್ ಹೋಗಿದೆ ಅನ್ನುವುದು ಇದಕ್ಕೇ. ಮೂತಿಯೂ ಮೊಂಡಾಗಿತ್ತು, ಉಗುರಿನ ಮೇಲೆ ಎಳೆದು ತೋರಿಸಿದರು, ಗೀರು ಬೀಳಲಿಲ್ಲ. ಹಾಗಾಗಿ ಶಟಲ್ ಹೊಸದು. ಮೋಟಾರ್ ಕೂಡಿಸಿಬಿಡಿ ಅಂತ ನಾನೇ ಕೇಳಿದೆ, ಎರಡು ಸಾವಿರದೊಳಗೆ ಆಗುತ್ತೆ ಅಂದರು, ಆದರೆ ಹಾಕಲಿಲ್ಲ. "ಮೊದ್ಲು ಕಾಲು ಹೇಳಿದ ಹಾಗೆ ಕೇಳಲಿ. ಈಗ್ಲೇ ಮೋಟಾರ್ ಹಾಕಿದ್ರೆ ಬೆರಳು ಹೊಲ್ಕೋತೀರಿ." ಮಾರಬಹುದಾದ್ದನ್ನು ಮಾರದೆ ಬಿಟ್ಟ ಅಂಗಡಿಯವರನ್ನು ನಾನು ನೋಡಿದ್ದು ಕಡಿಮೆ.

ಈಗ ತಕರಾರು. ಮುಂದಿನ ಸೋಮವಾರ ಕೊಡ್ತೀನಿ ಅಂದರು. ಆ ಸೋಮವಾರ ಹೋದರೆ ಮಷಿನ್ ಹೊಟ್ಟೆ ಬಿಚ್ಚಿಕೊಂಡು ಹಾಗೇ ಮಲಗಿತ್ತು. ಎರಡನೇ ಸೋಮವಾರ ಅಂಗಡಿಗೆ ಬೀಗ. ಫೋನು ಮಾಡಿದರೆ ಎತ್ತುವುದಿಲ್ಲ, ಎತ್ತಿದರೆ "ಹಾಂ ಹಾಂ ಆಗ್ತಿದೆ" ಅಷ್ಟೇ. ಮೂರನೇ ಸೋಮವಾರ ಸಿಕ್ಕಿತು. ಅರ್ಜೆಂಟು ಇರುವವರಿಗೆ, ಮನೆಯಲ್ಲಿ ಮದುವೆ ಇಟ್ಟುಕೊಂಡವರಿಗೆ ಈ ಅಂಗಡಿ ಆಗಿಬರಲ್ಲ. ಬಿಲ್ಲು ಕೊಡಲ್ಲ, ಕ್ಯಾಲೆಂಡರ್ ಹಾಳೆಯ ಹಿಂದೆ ಬರೆದು ಕೊಡುತ್ತಾರೆ. ಮೇಲಿನ ಲೆಕ್ಕ ನಾನು ನೋಡಿ ಬರೆದಿದ್ದು ಅದನ್ನೇ.

ಆದರೆ ಆ ಮೂರನೇ ಸೋಮವಾರ ನಡೆದದ್ದಕ್ಕೆ ಮೂರು ವಾರವನ್ನೂ ಮಾಫಿ ಮಾಡಿದೆ. ದುಡ್ಡು ಕೊಟ್ಟು ಆಟೋ ಕರೆಯಲು ಹೊರಟವಳನ್ನು ಕೂರಿಸಿ, ತಲೆಯನ್ನು ತಮ್ಮ ಅಂಗಡಿಯ ಸ್ಟ್ಯಾಂಡಿಗೆ ಕೂಡಿಸಿ, ದಾರವನ್ನೆಲ್ಲ ತೆಗೆದು, ಮೊಮ್ಮಗನ ನೋಟ್‌ಬುಕ್ಕಿನಿಂದ ಒಂದು ಗೆರೆ ಹಾಳೆ ಹರಿದು ಮುಂದಿಟ್ಟರು. "ಗೆರೆ ಮೇಲೆ ಹೊಲೀರಿ." ಬರೀ ಸೂಜಿ, ಬರೀ ಹಾಳೆ. ತುಳಿದೆ. ಚಕ್ರ ಹಿಂದಕ್ಕೆ ತಿರುಗಿತು. ನಮ್ಮ ಕಡೆಗೆ ತಿರುಗಬೇಕಾದ ಚಕ್ರ ಆಚೆ ತಿರುಗಿದರೆ ದಾರ ಇದ್ದಿದ್ದರೆ ಆಗಲೇ ಗಂಟು. ಇನ್ನೊಮ್ಮೆ ತುಳಿದೆ, ಮತ್ತೆ ಹಿಂದಕ್ಕೆ. ಬಲಗೈಯಲ್ಲಿ ಚಕ್ರವನ್ನು ಸ್ವಲ್ಪ ನೂಕಿ, ಅದು ಹೊರಟ ಮೇಲೆ ಕಾಲು ಕೊಡಿ ಅಂದರು. ಹಿಮ್ಮಡಿ, ಮುಂಗಾಲು, ಹಿಮ್ಮಡಿ, ಮುಂಗಾಲು. ಮೂರನೇ ಗೆರೆಗೆ ಕಾಲಿಗೆ ಏನೋ ನೆನಪಾಯಿತು. ನನಗಲ್ಲ, ಕಾಲಿಗೆ. ಹಾಳೆಯನ್ನು ಟ್ಯೂಬ್‌ಲೈಟಿಗೆ ಹಿಡಿದು ತೋರಿಸಿದರು, ತೂತುಗಳ ಸಾಲು ಗೆರೆ ಬಿಟ್ಟು ಕುಡಿದವನ ಹಾಗೆ ಹೋಗಿತ್ತು. "ನಾಕು ಹಾಳೆ ಆಗಲಿ, ಆಮೇಲೆ ದಾರ." ನಾಲ್ಕು ಹಾಳೆ ಮುಗಿಸುವಷ್ಟರಲ್ಲಿ ಮುಕ್ಕಾಲು ಗಂಟೆ. ಮಧ್ಯೆ ಇಬ್ಬರು ಗಿರಾಕಿ ಬಂದು ಹೋದರು, ಒಬ್ಬರು ನನ್ನನ್ನು ಹೊಸದಾಗಿ ಕೆಲಸಕ್ಕೆ ಸೇರಿದವಳು ಅಂದುಕೊಂಡು ಗುಂಡಿ ಕೇಳಿದರು.

ದಾರ ಹಾಕುವುದನ್ನೂ ನನ್ನಿಂದಲೇ ಹತ್ತು ಸಲ ಮಾಡಿಸಿದರು. ಇಲ್ಲಿ ಒಂದು ವಿಷಯ, ಹೊಸಬರು ಗಮನಿಸಿ. ಬಟ್ಟೆಯನ್ನು ಒತ್ತಿ ಹಿಡಿಯುವ ಪ್ರೆಸರ್ ಫೂಟ್ ಮೇಲೆತ್ತಿದಾಗ, ಮೇಲಿನ ದಾರವನ್ನು ಬಿಗಿ ಹಿಡಿಯುವ ಟೆನ್ಷನ್‌ನ ಎರಡು ಬಿಲ್ಲೆ ಸಡಿಲವಾಗುತ್ತವೆ, ಆಗ ದಾರ ನಡುವೆ ಕೂರುತ್ತೆ. ಫೂಟ್ ಇಳಿಸಿಕೊಂಡೇ ದಾರ ಹಾಕಿದರೆ ಅದು ಬಿಲ್ಲೆಯ ಹೊರಗೇ ನಿಲ್ಲುತ್ತೆ, ಹೊಲಿಯುವಾಗ ಬಟ್ಟೆಯ ಅಡಿಯಲ್ಲಿ ಹಕ್ಕಿ ಗೂಡಿನ ಹಾಗೆ ದಾರದ ರಾಶಿ. ನಾವೆಲ್ಲ ಅಡಿಯಲ್ಲಿ ಗಂಟು ಕಂಡ ಕೂಡಲೇ ಬಾಬಿನ್ನನ್ನು ಬೈಯುತ್ತೇವೆ, ತಪ್ಪು ಸಾಮಾನ್ಯವಾಗಿ ಮೇಲಿನ ದಾರದ್ದು. ಸೂಜಿಗೆ ದಾರ ಪೋಣಿಸುವುದು ಬೇರೆಯೇ ಕಷ್ಟ. ಹದಿನೆಂಟನೇ ವಯಸ್ಸಿನಲ್ಲಿ ಮಾತಾಡುತ್ತಾ ಪೋಣಿಸುತ್ತಿದ್ದೆ, ಈಗ ಚಾಳೀಸು ಹಾಕಿಕೊಂಡು ಉಸಿರು ಬಿಗಿಹಿಡಿದರೂ ದಾರ ಸೂಜಿಯ ಎರಡೂ ಪಕ್ಕ ಹೋಗುತ್ತೆ, ಕಣ್ಣಿಗೆ ಮಾತ್ರ ಹೋಗಲ್ಲ. ಯಜಮಾನರು ಹತ್ತು ರೂಪಾಯಿಯ ತಗಡಿನ ದಾರ ಪೋಣಿಸುವ ಸಾಮಾನು ಕೊಟ್ಟರು, ತೆಳ್ಳಗಿನ ತಂತಿಯದು. ಅಷ್ಟಕ್ಕೂ ಅವರಿಗೂ ಅದೇ ಬೇಕಂತೆ.

ಮನೆಗೆ ಬಂದ ಮೇಲಿನ ಕಥೆಗೆ ಅಂಗಡಿ ಹೊಣೆಯಲ್ಲ. ಮೊದಲು ಹೊಲಿದದ್ದು ಆರು ಪೀಸಿನ ಒಳಲಂಗ, ಎರಡೂಕಾಲು ಮೀಟರ್ ಪಾಪ್ಲಿನ್. ಕತ್ತರಿಸುವ ಮೊದಲು ಕಾಟನ್ ಬಟ್ಟೆಯನ್ನು ನೀರಲ್ಲಿ ನೆನೆಸಿ ಒಣಗಿಸಬೇಕು, ಇಲ್ಲದಿದ್ದರೆ ಹೊಲಿದ ಮೇಲೆ ಮೊದಲ ಒಗೆತಕ್ಕೇ ಕುಗ್ಗುತ್ತೆ. ಸರಿ, ನೆನೆಸಿದೆ. ಪುನರ್ವಸು ಮಳೆ ಹೊಯ್ಯುತ್ತಿತ್ತು. ಊರಲ್ಲಾದರೆ ಬಚ್ಚಲ ಒಲೆ ಮೇಲಿನ ಬಿದಿರಿಗೆ ಹಾಕುತ್ತಿದ್ದೆವು, ಹೊಗೆ ವಾಸನೆ ಬಂದರೂ ಒಣಗುತ್ತಿತ್ತು. ಇಲ್ಲಿ ಫ್ಯಾನಿನ ಕೆಳಗೆ ಎರಡು ದಿನ. ಕರೆಂಟು ಹೋಯಿತು. ಕಾಲಲ್ಲಿ ತುಳಿಯುವ ಮಷಿನ್ನಿಗೆ ಕರೆಂಟಿನ ಹಂಗಿಲ್ಲ ಅಂತ ಎಲ್ಲರಿಗೂ ಹೇಳಿಕೊಂಡು ತಿರುಗಿದ್ದೆ, ಮೋಡ ಕವಿದ ಮಧ್ಯಾಹ್ನ ಕಪ್ಪು ಬಟ್ಟೆಗೆ ಕಪ್ಪು ದಾರದಲ್ಲಿ ಹೊಲಿಯಲು ಕೂತಾಗ ಗೊತ್ತಾಯಿತು, ಕರೆಂಟು ಮಷಿನ್ನಿಗೆ ಬೇಡ, ನನಗೆ ಬೇಕು.

ಹಾಸು ಹೊಕ್ಕು ಅಂತ ಮಾತಿನಲ್ಲಿ ದಿನಾ ಬಳಸುತ್ತೇವೆ. ಬಟ್ಟೆಯ ಅಂಚಿನ ಉದ್ದಕ್ಕೆ ಓಡುವ ಎಳೆ ಹಾಸು, ಅಡ್ಡಕ್ಕೆ ಓಡುವುದು ಹೊಕ್ಕು. ಹಾಸಿನ ಕಡೆ ಬಟ್ಟೆ ಎಳೆದರೂ ಜಗ್ಗಲ್ಲ, ಹೊಕ್ಕಿನ ಕಡೆ ಸ್ವಲ್ಪ ಜಗ್ಗುತ್ತೆ, ಮೂಲೆಯಿಂದ ಮೂಲೆಗೆ ಎಳೆದರೆ ರಬ್ಬರ್. ಲಂಗದ ಉದ್ದ ಹಾಸಿನ ಮೇಲೆ ಬರಬೇಕು. ಕುತ್ತಿಗೆಯ ಸುತ್ತ ಕೊಡುವ ಕ್ರಾಸ್ ಪಟ್ಟಿ ಮೂಲೆಯಿಂದ ಮೂಲೆಗೆ ಕತ್ತರಿಸಿದ್ದಾದರೆ ಮಾತ್ರ ದುಂಡಗೆ ತಿರುಗುತ್ತೆ. ಇದೆಲ್ಲ ನೆನಪಿತ್ತು. ನೆನಪಿಲ್ಲದೆ ಇದ್ದದ್ದು, ಲಾಡಿ ಪಟ್ಟಿಗೆ ಬಾಯಿ ಬಿಡಬೇಕು ಅನ್ನೋದು. ಸೊಂಟದ ಸುತ್ತ ಅಚ್ಚುಕಟ್ಟಾಗಿ ಪೂರ್ತಿ ಹೊಲಿದು, ಇಸ್ತ್ರಿ ಹಾಕಿ, ಪಿನ್ನಿಗೆ ಲಾಡಿ ಸಿಕ್ಕಿಸಿ ಹುಡುಕಿದರೆ ತೂರಿಸಲು ತೂತೇ ಇಲ್ಲ. ಎರಡಿಂಚು ಬಿಚ್ಚಿದೆ.

ಧೈರ್ಯ ಜಾಸ್ತಿಯಾಗಿ ಬ್ಲೌಸಿಗೆ ಕೈ ಹಾಕಿದೆ. ಟೂ ಬೈ ಟೂ ರೂಬಿಯಾ ಬಟ್ಟೆ ಒಂದು ಮೀಟರ್, ಸರಿ ಕೂರುವ ಒಂದು ಹಳೆಯ ಬ್ಲೌಸು ಬಿಚ್ಚಿ ಅದನ್ನೇ ಅಳತೆಗೆ ಇಟ್ಟುಕೊಂಡೆ. ಹಿಂಭಾಗ ಬಂತು, ಮುಂಭಾಗ ಬಂತು, ಟಕ್ಸು (ಎದೆಯ ಹತ್ತಿರದ ಮಡಿಕೆ) ಹಿಡಿದದ್ದು ಪರವಾಗಿಲ್ಲ. ತೋಳು ಕೂಡಿಸಿದರೆ ಬಲಗಡೆಯದು ಹಿಂದಕ್ಕೆ ಎಳೆಯುತ್ತಿತ್ತು. ಬಿಚ್ಚಿದೆ, ಕೂಡಿಸಿದೆ. ಮತ್ತೆ ಹಿಂದಕ್ಕೆ. ಮೂರನೇ ಸಲ ಬಿಚ್ಚಿದಾಗ ಪಕ್ಕದ ಮನೆಯ ಹುಡುಗಿ ಬಂದಳು. ಅವಳು ಮಾಚೇನಹಳ್ಳಿಯ ಗಾರ್ಮೆಂಟ್ಸಿಗೆ ಹೋಗುವವಳು. ಅಲ್ಲಿಯ ಜೂಕಿ ಮಷಿನ್ನು ನಿಮಿಷಕ್ಕೆ ನಾಲ್ಕೈದು ಸಾವಿರ ಹೊಲಿಗೆ ಓಡುತ್ತೆ, ಅವಳು ದಿನಾ ಕೂರುವುದು ಅದರ ಮುಂದೆ. ನನ್ನದನ್ನು ಎರಡು ಸಲ ತುಳಿದು ನೋಡಿ, "ಇದು ಸೈಕಲ್ಲು ಅಕ್ಕಾ, ನಮ್ದು ಬುಲೆಟ್ಟು" ಅಂತ ನಕ್ಕಳು. ಆಮೇಲೆ ಎರಡೂ ತೋಳುಗಳನ್ನು ಒಂದರ ಮೇಲೊಂದು ಇಟ್ಟು ನೋಡಿದಳು.

"ಅಕ್ಕಾ, ನಿಮಗೆ ಎರಡೂ ಎಡಗೈಯಾ?"

ತೋಳಿನ ಮೇಲ್ಭಾಗದ ಬಾಗು ಎರಡೂ ಕಡೆ ಒಂದೇ ಥರ ಇರುವುದಿಲ್ಲ. ಎದೆಯ ಕಡೆ ಜಾಸ್ತಿ ತೋಡಿರುತ್ತೆ, ಬೆನ್ನಿನ ಕಡೆ ಕಮ್ಮಿ. ಬಟ್ಟೆಯನ್ನು ಮಡಚಿ, ಒಳಮೈ ಹೊರಗೆ ಬರುವ ಹಾಗೆ ಎರಡು ಪದರ ಮಾಡಿ ಒಟ್ಟಿಗೆ ಕತ್ತರಿಸಿದರೆ ಒಂದು ಎಡ ಒಂದು ಬಲ ತಾನಾಗೇ ಬರುತ್ತೆ. ನಾನು ಬಟ್ಟೆ ಉಳಿಸಲು ಹೋಗಿ ಒಂದೊಂದಾಗಿ ಕತ್ತರಿಸಿದ್ದೆ, ಎರಡನ್ನೂ ಒಂದೇ ಮುಖಕ್ಕೆ. ಎರಡೂ ಎಡತೋಳು. ಉಳಿದ ಚೂರಿನಲ್ಲಿ ಇನ್ನೊಂದು ತೋಳು ಬರಲಿಲ್ಲ. ಬೇರೆ ಬಟ್ಟೆ ತಂದರೆ ಬಣ್ಣ ಒಂದು ಗುಲಗಂಜಿ ತೂಕ ಬೇರೆ. ಸೆರಗು ಎಡಭುಜದ ಮೇಲೆ ಬರುತ್ತಲ್ಲ, ಆ ಬೇರೆ ಬಣ್ಣದ ತೋಳನ್ನು ಎಡಕ್ಕೆ ಹಾಕೋಣ ಅಂತ ಈಗ ಅಲ್ಲಿಯದನ್ನೂ ಬಿಚ್ಚಿಟ್ಟು, ಬಲತೋಳನ್ನು ಹೊಸ ಬಟ್ಟೆಯಲ್ಲೇ ಕತ್ತರಿಸಬೇಕಲ್ಲ ಅಂತ ಆಮೇಲೆ ಹೊಳೆದು, ಸದ್ಯಕ್ಕೆ ಬ್ಲೌಸು ತೋಳಿಲ್ಲದೆ ಹ್ಯಾಂಗರಿನಲ್ಲಿದೆ.

ಇದರ ಮಧ್ಯೆ ಒಂದು ದಿನ ಮಷಿನ್ ಹೊಲಿಗೆ ಬಿಡಲು ಶುರು ಮಾಡಿತು. ನಾಲ್ಕು ಹೊಲಿಗೆ, ಒಂದು ಖಾಲಿ, ನಾಲ್ಕು ಹೊಲಿಗೆ, ಒಂದು ಖಾಲಿ. ಟೈಮಿಂಗ್ ಮತ್ತೆ ಹೋಯಿತು, 700 ರೂಪಾಯಿ ತುಂಗೆಗೆ ಹಾಕಿದ ಹಾಗಾಯಿತು ಅಂತ ಬೈದುಕೊಂಡು ತಲೆಯನ್ನು ಬಿಚ್ಚಿ, ಆಟೋದಲ್ಲಿ ಮಗುವಿನ ಹಾಗೆ ತೊಡೆ ಮೇಲಿಟ್ಟುಕೊಂಡು ಹೋದೆ. ಯಜಮಾನರು ಸೂಜಿ ಕಿತ್ತು, ನೋಡಿ, ತಿರುಗಿಸಿ ಹಾಕಿದರು. ಅಷ್ಟೇ. ಸೂಜಿಯ ಬುಡ ಒಂದು ಕಡೆ ಚಪ್ಪಟೆ ಇರುತ್ತೆ, ಉದ್ದಕ್ಕೆ ಸಣ್ಣ ಕಾಲುವೆ ಇರುವುದು ಇನ್ನೊಂದು ಕಡೆ. ಆ ಕಾಲುವೆ ಇರುವ ಕಡೆಯಿಂದ ದಾರ ಒಳಗೆ ಹೋಗಬೇಕು. ಸೂಜಿ ಬದಲಾಯಿಸುವಾಗ ನಾನು ಉಲ್ಟಾ ಹಾಕಿದ್ದೆ. ಅಷ್ಟೇ ಅಲ್ಲ, ತೆಳ್ಳಗಿನ ರೂಬಿಯಾಕ್ಕೆ 16ನೇ ನಂಬರ್ ಸೂಜಿ ಹಾಕಿಕೊಂಡಿದ್ದೆ. 11 ಇಲ್ಲಾ 14 ಸಾಕು, 16 ಜೀನ್ಸಿನಂಥ ದಪ್ಪ ಬಟ್ಟೆಗೆ. ನಾನು ಹಾಕಿದ್ದ, ಗಾಡಿಯಲ್ಲಿ ಮಾರುವ ದಾರದ ರೀಲನ್ನು ಬೆಳಕಿಗೆ ಹಿಡಿದು ಅದರ ಮೈಮೇಲಿನ ಜುಂಗು ತೋರಿಸಿ ಅದನ್ನು ಮೂಲೆಗೆ ಎಸೆದರು. ದುಡ್ಡು ಕೊಡಲು ಹೋದರೆ, "ಸೂಜಿ ತಿರುಗಿಸಿದ್ದಕ್ಕೆ ಎಂತ ದುಡ್ಡಮ್ಮ, ಹೋಗಿ" ಅಂದರು. ಆಟೋದ್ದು ಮತ್ತೆ 240 ಆಯಿತು, ಅದನ್ನು ಮೇಲಿನ ಲೆಕ್ಕಕ್ಕೆ ಸೇರಿಸಿಲ್ಲ, ಅದು ನನ್ನ ಬುದ್ಧಿಗೆ ಕಟ್ಟಿದ ದಂಡ.

ನಾದಿನಿ ಹೆಗ್ಗೋಡಿನ 'ಚರಕ' ಸಂಸ್ಥೆಯ ಕೈಮಗ್ಗದ ಬಟ್ಟೆ ತಂದುಕೊಟ್ಟಿದ್ದಾಳೆ, ಅಡಿಕೆ ಚೊಗರಿನ ಬಣ್ಣದ್ದು. ಅಡಿಕೆ ಬೇಯಿಸಿದ ನೀರು ಚೆಲ್ಲಿದ ಅಂಗಳ ನೋಡಿದವರಿಗೆ ಆ ಕೆಂಪುಗಂದು ಗೊತ್ತಿರುತ್ತೆ. ಅದಕ್ಕೆ ಇನ್ನೂ ಕತ್ತರಿ ಹಾಕಿಲ್ಲ. ಕೈಮಗ್ಗದ ಬಟ್ಟೆ ಕತ್ತರಿಸಿದ ಅಂಚಿನಲ್ಲಿ ಎಳೆ ಬಿಡುತ್ತೆ, ಹೊಲಿಗೆಗೆ ಅಂಚು ಜಾಸ್ತಿ ಬಿಡಬೇಕು, ಓವರ್‌ಲಾಕ್ ಮಾಡಿಸಬೇಕು. ಕುರ್ತಾ ಹೊಲಿಯಬೇಕು ಅಂತಿದೆ. ಅದಕ್ಕೂ ಮೊದಲು ಹಳೇ ಬೆಡ್‌ಶೀಟಿನಲ್ಲಿ ಒಂದು ಕುರ್ತಾ ಹೊಲಿದು ನೋಡು ಅಂತ ಗಾರ್ಮೆಂಟ್ಸ್ ಹುಡುಗಿಯ ಸಲಹೆ. ಬೆಡ್‌ಶೀಟು ಹುಡುಕಿಟ್ಟಿದ್ದೇನೆ.

ಹಳೇ ಮಷಿನ್ ಇದ್ದವರೆಲ್ಲ ರಿಪೇರಿಯನ್ನೇ ಮಾಡಿಸಿ ಅಂತ ನಾನು ಹೇಳಲ್ಲ. ಸೀರೆಗೆ ಜಿಗ್‌ಜಾಗ್, ಕಾಜಾ, ಜಗ್ಗುವ ಟೀಶರ್ಟ್ ಬಟ್ಟೆ, ಇವೆಲ್ಲ ಬೇಕಾದವರಿಗೆ ನೇರ ಹೊಲಿಗೆಯ ಮಷಿನ್ ಸಾಲದು, ಅವರು ಆ ಬಾತುಕೋಳಿಯದನ್ನೇ ನೋಡಲಿ. ಮಂಡಿ ನೋವಿದ್ದವರೂ ಅಷ್ಟೇ. ನನಗೆ ಒಳಲಂಗ, ದಿಂಬಿನ ಕವರು, ಕೈಚೀಲ, ಸೀರೆಗೆ ಫಾಲ್ಸು, ದೇವರು ದಯೆ ತೋರಿದರೆ ಬ್ಲೌಸು, ಇಷ್ಟಕ್ಕೆ ಇದು ಧಾರಾಳ ಸಾಕು.

ಈ ಅಂಗಡಿಗೆ ಹೋಗುವುದಾದರೆ ಸ್ಟ್ಯಾಂಡ್ ಹೊತ್ತುಕೊಂಡು ಹೋಗಬೇಡಿ. ಹಿಂದಿನ ಎರಡು ಸ್ಕ್ರೂ ಸಡಿಲಿಸಿ ಬೆಲ್ಟು ಬಿಚ್ಚಿದರೆ ತಲೆ ಕಳಚಿ ಬರುತ್ತೆ, ಒಂದು ಕೊಡ ನೀರಿನಷ್ಟು ಭಾರ, ಹಳೇ ಟವೆಲ್ಲಿನಲ್ಲಿ ಸುತ್ತಿಕೊಳ್ಳಿ. ಬೆಳಿಗ್ಗೆ ಹನ್ನೊಂದಕ್ಕೆ ಮೊದಲು ಬಾಗಿಲು ತೆಗೆಯಲ್ಲ. ಹಳೇ ಬಾಬಿನ್ ಕೇಸ್ ಇದ್ದರೆ ಮರೆಯದೆ ಜೊತೆಗೆ ಒಯ್ಯಿರಿ, ಅದನ್ನು ನೋಡಿಯೇ ಹೊಸದು ಹೊಂದಿಸುತ್ತಾರೆ. ಅದರಲ್ಲಿ ಯಾವಾಗಲಾದರೂ ಗೋಣಿ ಹೊಲಿದಿದ್ದಾರಾ ಅಂತಲೂ ಮನೆಯಲ್ಲಿ ಮೊದಲೇ ವಿಚಾರಿಸಿಕೊಳ್ಳಿ. ಅಣ್ಣಂದಿರನ್ನು ಕೇಳಬೇಡಿ, ಅತ್ತಿಗೆಯರನ್ನು ಕೇಳಿ.